ಬೆಂಚ್ ಸಪ್ಲೈಗೆ ಬೋಟ್ ಸ್ಟಾರ್ಟ್ ಮಾಡಲು ಕಲಿಸಿದ್ದು: ನನ್ನ ಅನುಭವ

ಕಾರವಾರದ ಬೈತಖೋಲ್ ಬಂದರಿನಿಂದ ನನ್ನ ರಿಪೇರಿ ಟೇಬಲ್‌ಗೆ ಬರುವ ಫಿಶ್ ಫೈಂಡರ್ (ಮೀನು ಎಲ್ಲಿದೆ ಅಂತ ತೋರಿಸುವ ಸೆಟ್), ಜಿಪಿಎಸ್‌ಗಳಲ್ಲಿ ಅರ್ಧದಷ್ಟಕ್ಕೆ ಒಂದೇ ದೂರು. "ಇಂಜಿನ್ ಸ್ಟಾರ್ಟ್ ಮಾಡಿದ ಕೂಡ್ಲೆ ಆಫ್ ಆಗ್ತದೆ." ಟೇಬಲ್ ಮೇಲೆ ಬೆಂಚ್ ಸಪ್ಲೈಯಿಂದ (ಬೇಕಾದ ವೋಲ್ಟೇಜ್ ಕೊಡುವ ಪೆಟ್ಟಿಗೆ) 12.6 ವೋಲ್ಟ್ ಕೊಟ್ಟರೆ ಅದೇ ಸೆಟ್ ಇಡೀ ದಿನ ಆರಾಮಾಗಿ ಓಡುತ್ತದೆ. ಸರಿಯಿದೆ ಅಂತ ವಾಪಸ್ ಕೊಟ್ಟರೆ ಮರುದಿನ ಬೋಟ್ ನಡೆಸುವ ತಾಂಡೇಲ ಮತ್ತೆ ಬಾಗಿಲಲ್ಲಿ. ನಿಂತ ವೋಲ್ಟೇಜ್‌ನಲ್ಲಿ ಈ ರೋಗ ಸಿಗುವುದಿಲ್ಲ, ವೋಲ್ಟೇಜನ್ನೇ ಬೀಳಿಸಿ ಏಳಿಸಬೇಕು ಅಂತ ನಾನು ಹೇಳಿದಾಗ ಕುಮಟಾದ ಗೆಳೆಯರೊಬ್ಬರು ನಕ್ಕುಬಿಟ್ಟರು. "ವೋಲ್ಟೇಜ್ ಕುಣಿಸಿ ಎಂತ ಮಾಡ್ತೆ ಮಾರಾಯಾ, ಬ್ಯಾಟರಿ ಬದಲಿಸು ಅಂತ ಹೇಳಿ ಕಳಿಸು" ಅಂದರು. ಈಗ ಅವರೇ ಸೆಟ್ ಕಳಿಸುತ್ತಾರೆ, ಇರಲಿ.

ಮೊದಲು ಬೋಟಿಗೇ ಹೋಗಿ ಸ್ಕೋಪ್ (ವೋಲ್ಟೇಜ್ ಏರಿಳಿತವನ್ನು ಗೆರೆಯಾಗಿ ತೋರಿಸುವ ಆಸಿಲೋಸ್ಕೋಪ್) ಹಚ್ಚಿ ನೋಡಿದೆ. ಬ್ಯಾಟರಿ 12.6ರಲ್ಲಿ ನಿಂತಿರುತ್ತದೆ. ಸ್ಟಾರ್ಟರ್ ಕಚ್ಚಿದ ಕೂಡಲೇ 7ರ ಹತ್ತಿರ ಬೀಳುತ್ತದೆ. ಅಲ್ಲಿ ಸುಮಾರು 40 ಮಿಲಿಸೆಕೆಂಡ್. ಆಮೇಲೆ ಒಂಬತ್ತೂವರೆಯ ಆಸುಪಾಸು ಒಂದು ಸೆಕೆಂಡ್ ತೂಗಾಡುತ್ತದೆ. ಇಂಜಿನ್ ಹಿಡಿದ ಮೇಲೆ ಆಲ್ಟರ್ನೇಟರ್ 14ಕ್ಕೆ ಏರಿಸುತ್ತದೆ. ವಾಹನಗಳ ಎಲೆಕ್ಟ್ರಿಕ್ ಸಾಮಾನಿನ ಐಎಸ್‌ಒ 16750-2 ಮಾನದಂಡದಲ್ಲಿ ಇಂಥದ್ದೇ ಕ್ರ್ಯಾಂಕಿಂಗ್ (ಇಂಜಿನ್ ಸ್ಟಾರ್ಟ್) ಪರೀಕ್ಷೆ ಇದೆ. ಆದರೆ ನನಗೆ ಬೇಕಿದ್ದದ್ದು ನಮ್ಮ ಬೋಟ್‌ಗಳ ಹಳೇ ಬ್ಯಾಟರಿಯ ಲೆಕ್ಕ.

ಒಂಬತ್ತು ಸಾವಿರದ ಚಿಲ್ಲರೆ ಕೊಟ್ಟು 30 ವೋಲ್ಟ್ 5 ಆಂಪ್‌ನ ಯುಎಸ್‌ಬಿ ಇರುವ, ಕಂಪ್ಯೂಟರಿನಿಂದ ಆಡಿಸಬಹುದಾದ ಸಪ್ಲೈ ತರಿಸಿದೆ. ಪೈಥಾನ್‌ನಲ್ಲಿ ವೋಲ್ಟೇಜ್-ಸಮಯದ ಪಟ್ಟಿ ಬರೆದು ಓಡಿಸಿದೆ. ಸ್ಕೋಪ್ ನೋಡಿದರೆ ಬೇಜಾರು. ಏರುವಾಗ ಸರಿ, ಇಳಿಯುವಾಗ ಜಾರುಬಂಡೆಯ ಹಾಗೆ ನಿಧಾನ. ಸಪ್ಲೈ ಕರೆಂಟ್ ತಳ್ಳುತ್ತದೆ, ಎಳೆದುಕೊಳ್ಳುವುದಿಲ್ಲ ಅಲ್ವಾ? ಅದರ ಔಟ್‌ಪುಟ್ ಕೆಪಾಸಿಟರ್ ಖಾಲಿಯಾಗಲು ಸೆಟ್ ಎಳೆಯುವ ಮುಕ್ಕಾಲು ಆಂಪ್ ಸಾಲದು. 55 ವ್ಯಾಟ್‌ನ ಹೆಡ್‌ಲೈಟ್ ಬಲ್ಬ್ ಅಡ್ಡ ಹಾಕಿದೆ. ಇಳಿಯುವುದು ಚುರುಕಾಯಿತು. ಆದರೆ ಬಲ್ಬ್ ಒಂದೇ ನಾಲ್ಕೂವರೆ ಆಂಪ್ ತಿಂದು ಸೆಟ್‌ಗೆ ಏನೂ ಉಳಿಸಲಿಲ್ಲ. ತಣ್ಣಗಿದ್ದಾಗಂತೂ ಫಿಲಮೆಂಟ್ ಅದರ ಹತ್ತರಷ್ಟು ಕೇಳುತ್ತದೆ, ಸಪ್ಲೈ ಲಿಮಿಟ್‌ಗೆ ಹೋಗಿ ಕೂರುತ್ತದೆ.

ಇನ್ನೊಂದು ತೊಡಕು 9600 ಬಾಡ್, ಅಂದರೆ ಕಂಪ್ಯೂಟರ್ ಸಪ್ಲೈಗೆ ಕಮಾಂಡ್ ಕಳಿಸುವ ವೇಗ. ಒಂದು ಅಕ್ಷರಕ್ಕೆ ಹೆಚ್ಚುಕಮ್ಮಿ ಒಂದು ಮಿಲಿಸೆಕೆಂಡ್. ಹನ್ನೊಂದು ಅಕ್ಷರದ ಕಮಾಂಡ್ ಹೋಗಿ, ಸಪ್ಲೈ ಅದನ್ನು ಅರಗಿಸಿಕೊಳ್ಳುವಷ್ಟರಲ್ಲಿ 50–60 ಮಿಲಿಸೆಕೆಂಡ್ ಮುಗಿದಿರುತ್ತದೆ. 40 ಮಿಲಿಸೆಕೆಂಡಿನ ಗುಂಡಿ ತೋಡುವುದು ಹೇಗೆ? ದೊಡ್ಡದು ಕೊಳ್ಳೋಣ ಅಂದರೆ ರಿಗಾಲ್ ಡಿಪಿ832 ಎಂಬ ಸಪ್ಲೈಯ ಟೈಮರ್‌ನಲ್ಲೂ ಒಂದು ಹೆಜ್ಜೆ 1 ಸೆಕೆಂಡಿಗಿಂತ ಚಿಕ್ಕದಾಗುವುದಿಲ್ಲ. ಕ್ರ್ಯಾಂಕಿಂಗ್‌ಗೆಂದೇ ಮಾಡಿದ ಯಂತ್ರದ ರೇಟ್ ಕೇಳಿದರೆ ಲಕ್ಷದ ಮೇಲೆ. ಅಷ್ಟು ದುಡ್ಡಿದ್ದರೆ ನಾನೇ ಒಂದು ದೋಣಿ ಕೊಳ್ಳುತ್ತಿದ್ದೆ.

ಕೊನೆಗೆ ಹೊಳೆದದ್ದು ಇಷ್ಟೇ. ಸಪ್ಲೈಗೆ ಇಳಿಯೋಕೆ ಬರಲ್ಲ, ಹಾಗಾದರೆ ಇಳಿಸುವುದೇ ಬೇಡ. ಗುಜರಿಯಲ್ಲಿ ಬಿದ್ದಿದ್ದ ವಯರ್‌ಲೆಸ್ ಸೆಟ್‌ನ 13.8 ವೋಲ್ಟ್ ಸಪ್ಲೈ ತೆಗೆದು 13ಕ್ಕೆ ತಿರುಗಿಸಿಟ್ಟೆ. ಅದರ ಮುಂದೆ ಸ್ವಿಚ್ ಆಗಿ ಒಂದು ಐಆರ್‌ಎಫ್4905 ಮಾಸ್ಫೆಟ್, ಅದನ್ನು ಆರ್ಡುಯಿನೋ (ಪ್ರೋಗ್ರಾಂ ಮಾಡಬಹುದಾದ ಪುಟ್ಟ ಬೋರ್ಡ್) ಒಂದು ಬಿಸಿ547 ಟ್ರಾನ್ಸಿಸ್ಟರ್ ಮೂಲಕ ಆಡಿಸುತ್ತದೆ. ಆಮೇಲೆ ಇದೂ ಯುಎಸ್‌ಬಿ ಸಪ್ಲೈಯೂ ಒಂದು ಎಂಬಿಆರ್2045ಸಿಟಿ ಜೋಡಿ ಡಯೋಡ್‌ನ ಎರಡು ಆನೋಡ್‌ಗಳಿಗೆ; ಯಾವುದರ ವೋಲ್ಟೇಜ್ ಹೆಚ್ಚೋ ಅದು ಸೆಟ್‌ಗೆ ಹೋಗುತ್ತದೆ. ನಡುವಿನ ಕ್ಯಾಥೋಡ್‌ನಿಂದ ಸೆಟ್‌ಗೆ. ಡಯೋಡ್ ತಿನ್ನುವ 0.4 ವೋಲ್ಟ್ ಸೇರಿಸಿ ಯುಎಸ್‌ಬಿ ಸಪ್ಲೈಯನ್ನು ಮೊದಲೇ 7.4ಕ್ಕೆ ಇಟ್ಟಿರುತ್ತೇನೆ. ಮಾಸ್ಫೆಟ್ ಆಫ್ ಆದ ತಕ್ಷಣ 12.6ರಿಂದ 7ಕ್ಕೆ ಗೋಡೆ ಇಳಿದ ಹಾಗೆ ನೇರ ಬೀಳುತ್ತದೆ. ಅಲ್ಲಿಂದಾಚೆಗೆ ಯುಎಸ್‌ಬಿ ಸಪ್ಲೈಗೆ ಏರುವ ಕೆಲಸ ಮಾತ್ರ: 9.9, ಆಮೇಲೆ 14.4. ಅದು ಅದಕ್ಕೆ ಚೆನ್ನಾಗಿ ಬರುತ್ತದೆ. ಮಾಸ್ಫೆಟನ್ನು ಆಫ್‌ಗೆ ಎಳೆಯುವ ಗೇಟ್ ಪುಲ್‌ಅಪ್ ರೆಸಿಸ್ಟರ್ 10ಕೆ (10,000 ಓಮ್) ಹಾಕಬೇಡಿ, ಆಫ್ ಆಗುವುದು ನಿಧಾನವಾಗುತ್ತದೆ; 1ಕೆ ಹಾಕಿ. ನಿಧಾನದ ಕಮಾಂಡ್‌ಗೂ ಆರ್ಡುಯಿನೋಗೂ ತಾಳ ಹೇಗೆ ಕೂಡಿಸಿದೆ ಅನ್ನೋದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಸಪ್ಲೈಯ ಕರೆಂಟ್ ಲಿಮಿಟ್ ಪೂರ್ತಿ ತೆರೆದಿಡಿ. 10 ವ್ಯಾಟ್ ಸೆಟ್ 12 ವೋಲ್ಟ್‌ನಲ್ಲಿ 0.8 ಆಂಪ್ ಎಳೆದರೆ, ಅಷ್ಟೇ ವ್ಯಾಟ್‌ಗಾಗಿ 7ರಲ್ಲಿ 1.4 ಎಳೆಯುತ್ತದೆ. ಲಿಮಿಟ್ 1ರಲ್ಲಿದ್ದರೆ ಒಳ್ಳೆಯ ಸೆಟ್ ಕೂಡ ಸಾಯುತ್ತದೆ, ನೀವು ಸುಮ್ನೆ ಬೋರ್ಡ್ ಬಿಚ್ಚುತ್ತಾ ಕೂರುತ್ತೀರಿ.

ಇದೇ ಲೆಕ್ಕದಿಂದ ಇನ್ನೊಂದು ಆಟ ಆಡಿದೆ. ಕೆಟ್ಟ ಕನೆಕ್ಷನ್ ಇದ್ದ ಹಾಗೆ ದಾರಿಯಲ್ಲಿ ಅರ್ಧ ಓಮ್ ರೆಸಿಸ್ಟರ್ ಹಾಕಿ ಅದೇ ಸೀಕ್ವೆನ್ಸ್ ಓಡಿಸಿದೆ. ಚೆನ್ನಾಗಿದ್ದ ಸೆಟ್‌ಗಳೂ ರೀಸೆಟ್ ಆದವು. ಬೋಟಿನ ಫ್ಯೂಸ್ ಹೋಲ್ಡರ್ ತೆಗೆದು ನೋಡಿದರೆ ಸ್ಪ್ರಿಂಗ್ ಪೂರಾ ಹಸಿರು, ಉಪ್ಪುಗಾಳಿ ತಿಂದದ್ದು. ಬೆರಳಲ್ಲಿ ಒತ್ತಿದರೆ ಪುಡಿ ಉದುರುತ್ತದೆ. ದೂರುಗಳಲ್ಲಿ ಅರ್ಧದಷ್ಟು ಇದೇ ಆಗಿತ್ತು, ಮೂವತ್ತು ರೂಪಾಯಿಯ ಹೋಲ್ಡರ್. ಉಳಿದದ್ದರಲ್ಲಿ ಇನ್‌ಪುಟ್ ಕೆಪಾಸಿಟರ್ ಒಣಗಿತ್ತು. ಅದರ ಜಾಗಕ್ಕೆ 105 ಡಿಗ್ರಿಯ ಲೋ-ಇಎಸ್‌ಆರ್ (ಒಳರೋಧ ಕಡಿಮೆಯಿರುವ) ಕೆಪಾಸಿಟರ್ ಹಾಕಿದರೆ ಅದೇ ಗುಂಡಿಯನ್ನು ಸೆಟ್ ಕಣ್ಣು ಮಿಟುಕಿಸದೆ ದಾಟುತ್ತದೆ.

ಹಳೇ ಪೈಥಾನ್ ಪಟ್ಟಿಯೂ ದಂಡವಾಗಲಿಲ್ಲ. ಶಿರಸಿ ಕಡೆಯ ತೋಟದ ಮನೆಗಳಿಂದ ಸೋಲಾರ್ ಚಾರ್ಜ್ ಕಂಟ್ರೋಲರ್ ಬಂದಾಗ 13ರಿಂದ 10ಕ್ಕೆ ಎರಡು ಸೆಕೆಂಡಿಗೆ 0.1ರಂತೆ ಇಳಿಸಿ, ಮತ್ತೆ ಏರಿಸಿ, ಎಲ್ಲಿ ಕಟ್ ಆಯಿತು, ಎಲ್ಲಿ ಮತ್ತೆ ಹತ್ತಿತು ಅಂತ ಬರೆದಿಡುತ್ತದೆ. ಅಷ್ಟು ನಿಧಾನಕ್ಕೆ ಈ ಸಪ್ಲೈ ಧಾರಾಳ ಸಾಕು. ನಾನು ಊಟ ಮುಗಿಸಿ ಬರುವಾಗ ಫಲಿತಾಂಶ ಕಾದಿರುತ್ತದೆ.

ಮಾಸ್ಫೆಟ್, ಡಯೋಡ್, ಆರ್ಡುಯಿನೋ ಎಲ್ಲ ಸೇರಿ ಆರು ನೂರು ದಾಟಿರಲಿಕ್ಕಿಲ್ಲ. ಮೊದಲು ನೋಡಿದ್ದಕ್ಕೆ ಇನ್ನೂರು ಕೇಳಲೂ ನಾಚಿಕೆಯಾಗುತ್ತಿತ್ತು. ಈಗ ಸ್ಕೋಪಿನ ಚಿತ್ರ ತೋರಿಸಿ ಐನೂರು ತೆಗೆದುಕೊಳ್ಳುತ್ತೇನೆ, ಯಾರೂ ಚೌಕಾಸಿ ಮಾಡಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟ್‌ಗಳು ಕಡಲಿಗಿಳಿಯುವ ಹಾಗಿಲ್ಲವಲ್ಲ, ಆಗ ಟೇಬಲ್ ಮೇಲೆ ಜಾಗವೇ ಇರುವುದಿಲ್ಲ. ಸಪ್ಲೈಯ ದುಡ್ಡು ಒಂದೇ ಮಳೆಗಾಲದಲ್ಲಿ ಬಂತು.

24 ವೋಲ್ಟ್ ಬೋಟ್‌ಗಳಿಗೆ ಮಾಡುವವರು ಮೇಲಿನ ಸರ್ಕ್ಯೂಟನ್ನು ಹಾಗೇ ಹಚ್ಚಬೇಡಿ. ಆ ಮಾಸ್ಫೆಟ್‌ನ ಗೇಟ್ 20 ವೋಲ್ಟ್‌ಗಿಂತ ಜಾಸ್ತಿ ತಡೆಯುವುದಿಲ್ಲ. ಗೇಟ್‌ಗೂ ಸೋರ್ಸ್‌ಗೂ ನಡುವೆ ವೋಲ್ಟೇಜ್ ಮೀರದಂತೆ ತಡೆಯುವ 12 ವೋಲ್ಟ್ ಝೀನರ್ ಡಯೋಡ್, ಬಿಸಿ547ರ ಕಲೆಕ್ಟರ್‌ಗೆ ಸಾಲಾಗಿ ಒಂದು 1ಕೆ ಹಾಕಿಯೇ ಆನ್ ಮಾಡಿ.