ಬಯಾಪ್ಸಿ ವರದಿ ಓದುವ ಬಗೆ: ನೊಂದ ಕೋಶ, ಸತ್ತ ಕೋಶ, ಬದಲಾದ ಅಂಗಾಂಶ

ಹಾಸನದಲ್ಲಿ ಪ್ರಯೋಗಾಲಯ ತಂತ್ರಜ್ಞರಾಗಲು ಓದುತ್ತಿರುವ ಮಕ್ಕಳಿಗೆ ನಾನು ರೋಗಶಾಸ್ತ್ರದ ಮೊದಲ ಪಾಠಗಳನ್ನು ಹೇಳಿಕೊಡುತ್ತೇನೆ. ತರಗತಿ ಮುಗಿಸಿ ಹೊರಬರುವ ಹೊತ್ತಿಗೆ ಸಕಲೇಶಪುರದಿಂದಲೋ ಅರಕಲಗೂಡಿನಿಂದಲೋ ಬಂದವರು ಯಾರಾದರೂ ಬಯಾಪ್ಸಿ (ದೇಹದಿಂದ ತೆಗೆದ ಅಂಗಾಂಶದ ತುಣುಕಿನ ಪರೀಕ್ಷೆ) ವರದಿ ಹಿಡಿದು ನಿಂತಿರುವುದುಂಟು. ಅವರ ಪ್ರಶ್ನೆಯೂ ನನ್ನ ವಿದ್ಯಾರ್ಥಿಗಳ ಪ್ರಶ್ನೆಯೂ ಹೆಚ್ಚುಕಡಿಮೆ ಒಂದೇ: ‘ಪ್ಲೇಸಿಯಾ’ ಎಂದು ಮುಗಿಯುವ ಈ ಪದಗಳಲ್ಲಿ ಯಾವುದು ಕ್ಯಾನ್ಸರ್? ಚಿಕಿತ್ಸೆಯ ತೀರ್ಮಾನ ವೈದ್ಯರದೇ ಆದರೂ, ಹಾಳೆಯಲ್ಲಿರುವ ಪದಗಳ ಅರ್ಥ ತಿಳಿದಿದ್ದರೆ ವೈದ್ಯರ ಮುಂದೆ ಕುಳಿತಾಗ ಸರಿಯಾದ ಪ್ರಶ್ನೆ ಕೇಳಲು ಸಾಧ್ಯವಾಗುತ್ತದೆ.

ವರದಿಯಲ್ಲಿ ಯಾವ ಪದ ಕಂಡರೂ ಮೊದಲು ಒಂದು ವಿಷಯವನ್ನು ಗೊತ್ತುಮಾಡಿಕೊಳ್ಳಬೇಕು. ಇದು ನೊಂದು ಇನ್ನೂ ಬದುಕಿರುವ ಕೋಶದ ಮಾತೋ, ಸತ್ತ ಕೋಶದ ಮಾತೋ, ಅಥವಾ ಬದುಕಿದ್ದುಕೊಂಡೇ ತನ್ನ ಗಾತ್ರವನ್ನೋ ಸಂಖ್ಯೆಯನ್ನೋ ರೂಪವನ್ನೋ ಬದಲಿಸಿಕೊಂಡ ಕೋಶದ ಮಾತೋ? ಪದ ಎಷ್ಟೇ ಉದ್ದವಾಗಿರಲಿ, ಈ ಮೂರರಲ್ಲಿ ಅದರ ಮನೆ ಯಾವುದೆಂದು ತಿಳಿದರೆ ಅರ್ಧ ಗಾಬರಿ ಇಳಿಯುತ್ತದೆ.

ನೊಂದ ಕೋಶ ಮೊದಲು ಊದಿಕೊಳ್ಳುತ್ತದೆ. ರಕ್ತ ಸಾಲದೆ ಆಮ್ಲಜನಕ ಕಡಿಮೆಯಾದಾಗ ಕೋಶದೊಳಗಿನ ಶಕ್ತಿಕೇಂದ್ರಗಳಾದ ಮೈಟೊಕಾಂಡ್ರಿಯಾಗಳು ಶಕ್ತಿಯನ್ನು ಒದಗಿಸಲಾರವು. ಆಗ ಸೋಡಿಯಂ ಅನ್ನು ಹೊರಕ್ಕೆ ತಳ್ಳುವ ಪಂಪು ಸೋತು, ಸೋಡಿಯಂ ಒಳಗೇ ಉಳಿದು, ಅದರ ಹಿಂದೆಯೇ ನೀರೂ ಒಳಬರುತ್ತದೆ. ಯಕೃತ್ತಿನ ಕೋಶಗಳಲ್ಲಿ ಕೊಬ್ಬಿನ ಹನಿಗಳು ಸೇರಿಕೊಳ್ಳುವ ‘ಫ್ಯಾಟಿ ಚೇಂಜ್’ ಕೂಡ ಇದೇ ಗುಂಪಿನದು. ಕಾರಣವನ್ನು ಸರಿಪಡಿಸಿದರೆ ಇವೆರಡೂ ಹಿಂದಿರುಗಬಲ್ಲ ಸ್ಥಿತಿಗಳು. ಆದರೆ ಅದಕ್ಕೊಂದು ಗಡಿಯಿದೆ. ಹೃದಯದ ಸ್ನಾಯುಕೋಶ ರಕ್ತವಿಲ್ಲದೆ ಸುಮಾರು 20ರಿಂದ 40 ನಿಮಿಷ ಕಳೆದರೆ ಮತ್ತೆ ಚೇತರಿಸಿಕೊಳ್ಳದು. ಮಿದುಳಿನ ನರಕೋಶಕ್ಕೆ ಕೆಲವೇ ನಿಮಿಷ ಸಾಕು. ಕೋಶದ ಪೊರೆ ಹರಿದಾಗ ಒಳಗಿನ ಟ್ರೋಪೋನಿನ್ ಎಂಬ ಪ್ರೋಟೀನ್ ರಕ್ತಕ್ಕೆ ಸೋರುವುದರಿಂದಲೇ ಹೃದಯಾಘಾತವನ್ನು ರಕ್ತಪರೀಕ್ಷೆಯಲ್ಲಿ ಗುರುತಿಸಲು ಆಗುತ್ತದೆ. ಮೂಡಿಗೆರೆಯ ತೋಟದ ಮನೆಯಿಂದ ಎದೆನೋವೆಂದು ಹೊರಟವರಿಗೆ ದಾರಿಯ ಒಂದೊಂದು ನಿಮಿಷವೂ ಲೆಕ್ಕಕ್ಕೆ ಬರುವುದು ಈ ಗಡಿಯ ಕಾರಣಕ್ಕೆ.

ಕೋಶ ಸಾಯುವುದರಲ್ಲಿ ಮುಖ್ಯವಾಗಿ ಎರಡು ಬಗೆಗಳಿವೆ. ಒಂದನ್ನು 1972ರಲ್ಲಿ ಕೆರ್, ವೈಲಿ ಮತ್ತು ಕರಿ ಎಂಬ ಮೂವರು ವಿಜ್ಞಾನಿಗಳು ‘ಅಪೊಪ್ಟೋಸಿಸ್’ ಎಂದು ಕರೆದರು. ಎಲೆ ಉದುರುವುದನ್ನು ಸೂಚಿಸುವ ಗ್ರೀಕ್ ಪದವದು. ಇದನ್ನು ಕಲಿಸುವಾಗ ನಾನು ಮಕ್ಕಳನ್ನು ಕಾಫಿ ತೋಟಕ್ಕೇ ಕರೆದೊಯ್ದಂತೆ ಮಾತಾಡುತ್ತೇನೆ. ಹಣ್ಣೆಲೆ ತಾನಾಗಿ ತೊಟ್ಟು ಕಳಚಿ ಬೀಳುತ್ತದೆ, ಬಿದ್ದ ಜಾಗ ಆಗಲೇ ಮುಚ್ಚಿಕೊಂಡಿರುತ್ತದೆ, ಗಿಡಕ್ಕೆ ನೋವಿಲ್ಲ. ಅಪೊಪ್ಟೋಸಿಸ್‌ನಲ್ಲಿ ಕೋಶ ಹೀಗೆಯೇ ಕುಗ್ಗಿ, ಪೊರೆ ಹರಿಯದೆ ಸಣ್ಣ ಸಣ್ಣ ಪೊಟ್ಟಣಗಳಾಗಿ ಒಡೆಯುತ್ತದೆ. ಅಕ್ಕಪಕ್ಕದ ಕೋಶಗಳು ಅವನ್ನು ಸದ್ದಿಲ್ಲದೆ ನುಂಗುತ್ತವೆ. ಆದರೆ ಮಳೆಗಾಲದಲ್ಲಿ ಕೊಳೆರೋಗ ಬಂದ ಎಲೆಯನ್ನು ನೆನೆಯಿರಿ: ಕಪ್ಪಾಗಿ ಕೊಳೆತು, ಬೀಳಲೂ ಆಗದೆ ಶಿಲೀಂಧ್ರದ ಎಳೆಯಲ್ಲಿ ಜೋತಾಡುತ್ತ, ಪಕ್ಕದ ಎಲೆಗೂ ತಾಗುತ್ತದೆ. ಎರಡನೆಯ ಬಗೆಯಾದ ‘ನೆಕ್ರೋಸಿಸ್’ ಇದಕ್ಕೆ ಹತ್ತಿರ. ಅಲ್ಲಿ ಕೋಶ ಒಡೆದು ಒಳಗಿನದೆಲ್ಲ ಚೆಲ್ಲಿ, ಸುತ್ತಲಿನ ಅಂಗಾಂಶದಲ್ಲಿ ಉರಿಯೂತ ಏಳುತ್ತದೆ.

ಸೂಕ್ಷ್ಮದರ್ಶಕದಲ್ಲಿ ಸಾವಿನ ಗುರುತು ಕೋಶಕೇಂದ್ರದಲ್ಲಿ ಸಿಗುತ್ತದೆ. ನೇರಳೆ ಬಣ್ಣ ಹೀರಿದ ಕೇಂದ್ರ ಸಾಸಿವೆ ಕಾಳಿನಂತೆ ಮುದುಡಿ ಕಪ್ಪಾಗಿದ್ದರೆ ಪಿಕ್ನೋಸಿಸ್, ಪುಡಿಪುಡಿಯಾಗಿದ್ದರೆ ಕ್ಯಾರಿಯೊರೆಕ್ಸಿಸ್, ಕರಗಿ ಗುಲಾಬಿ ಕೋಶವಷ್ಟೇ ಉಳಿದಿದ್ದರೆ ಕ್ಯಾರಿಯೊಲೈಸಿಸ್. ನೆಕ್ರೋಸಿಸ್‌ನ ಒಳಬಗೆಗಳಲ್ಲಿ ‘ಕೊಯಾಗ್ಯುಲೇಟಿವ್’ ಎಂದರೆ ಸತ್ತರೂ ಕೆಲವು ದಿನ ಕೋಶದ ಅಚ್ಚು ಉಳಿದಿರುವುದು, ‘ಲಿಕ್ವಿಫ್ಯಾಕ್ಟಿವ್’ ಎಂದರೆ ಕೀವಿನಂತೆ ಕರಗಿಹೋಗುವುದು. ನಮ್ಮ ಜನ ಹೆಚ್ಚು ಗಮನಿಸಬೇಕಾದದ್ದು ‘ಕೇಸಿಯಸ್ ನೆಕ್ರೋಸಿಸ್’. ಕುಯ್ದು ನೋಡಿದರೆ ಅದು ಪುಡಿಯಾಗುವ ಗಿಣ್ಣಿನಂತೆ ಬಿಳಿಹಳದಿಯಾಗಿರುತ್ತದೆ. ಕತ್ತಿನ ಗಂಟಿನ ವರದಿಯಲ್ಲಿ ‘ಗ್ರಾನ್ಯುಲೋಮಾ’ (ರೋಗನಿರೋಧಕ ಕೋಶಗಳ ಸಣ್ಣ ಗುಂಪು) ಎಂಬುದರ ಜೊತೆ ಈ ಪದ ಬಂದರೆ ವೈದ್ಯರು ಮೊದಲು ಕ್ಷಯವನ್ನೇ ಸಂಶಯಿಸಿ ಮುಂದಿನ ಪರೀಕ್ಷೆಗಳನ್ನು ಬರೆಯುತ್ತಾರೆ. ಕ್ಷಯವೆಂದು ಖಚಿತವಾದರೆ ಔಷಧಿ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ, ಪೂರ್ತಿ ತೆಗೆದುಕೊಂಡರೆ ಸಾಮಾನ್ಯವಾಗಿ ಗುಣವಾಗುವ ಕಾಯಿಲೆ. ಹೆದರಿ ವರದಿಯನ್ನು ಮುಚ್ಚಿಡಬಾರದು.

‘ಆಟೊಲೈಸಿಸ್’ ಎಂಬುದು ಮಾತ್ರ ರೋಗಿಯ ಕಾಯಿಲೆಯಲ್ಲ. ದೇಹದಿಂದ ತೆಗೆದ ತುಣುಕು ಅದನ್ನು ಕೆಡದಂತೆ ಇಡುವ ಫಾರ್ಮಲಿನ್ ದ್ರಾವಣ ಸೇರುವ ಮೊದಲೇ ತನ್ನದೇ ಕಿಣ್ವಗಳಿಂದ ಕೊಳೆಯತೊಡಗಿತ್ತು ಎಂದು ಅರ್ಥ. ಒಮ್ಮೆ ಸಲೈನಿನಲ್ಲಿ ಮುಳುಗಿಸಿದ ತುಣುಕೊಂದು ಮರುದಿನ ನಮ್ಮ ಕೈಗೆ ಬಂತು. ಕೋಶಗಳ ಗಡಿಯೇ ಕಾಣಲಿಲ್ಲ, ಆ ತಾಯಿ ಎರಡನೆಯ ಸಲ ಸೂಜಿ ಚುಚ್ಚಿಸಿಕೊಳ್ಳಬೇಕಾಯಿತು. ಅದು ಇಂದಿಗೂ ನನಗೆ ಸಂಕಟದ ನೆನಪು. ಆದ್ದರಿಂದ ತುಣುಕನ್ನು ನೀವೇ ಒಯ್ಯಬೇಕಾದಾಗ ಡಬ್ಬಿಯಲ್ಲಿರುವುದು 10 ಶೇಕಡಾ ಫಾರ್ಮಲಿನ್ ಹೌದೇ, ತುಣುಕಿನ ಹತ್ತು ಪಟ್ಟಾದರೂ ದ್ರಾವಣ ಇದೆಯೇ, ಮೇಲೆ ರೋಗಿಯ ಹೆಸರು ಬರೆದಿದೆಯೇ ಎಂದು ಹೊರಡುವ ಮೊದಲೇ ಕೇಳಿ. ಫ್ರೀಜರಿನಲ್ಲಿ ಇಡಲೇಬೇಡಿ.

ಇನ್ನು ಬದಲಾದ ಅಂಗಾಂಶ. ‘ಪ್ಲೇಸಿಯಾ’ ಎಂದರೆ ರೂಪುಗೊಳ್ಳುವಿಕೆ, ಅಷ್ಟೇ. ಅರ್ಥವಿರುವುದು ಅದರ ಹಿಂದಿನ ತುಂಡಿನಲ್ಲಿ. ಕೋಶಗಳ ಸಂಖ್ಯೆ ಹೆಚ್ಚಿದರೆ ಹೈಪರ್‌ಪ್ಲೇಸಿಯಾ; ವಯಸ್ಸಾದ ಗಂಡಸರ ಪ್ರೊಸ್ಟೇಟ್ ದಪ್ಪವಾಗುವುದು ಹೀಗೆ. ಗಾತ್ರ ಹೆಚ್ಚಿದರೆ ಹೈಪರ್‌ಟ್ರೋಫಿ, ಕುಗ್ಗಿದರೆ ಅಟ್ರೋಫಿ. ಒಂದು ಜಾತಿಯ ಪಕ್ವ ಕೋಶದ ಜಾಗಕ್ಕೆ ಇನ್ನೊಂದು ಜಾತಿಯದು ಬಂದರೆ ಮೆಟಾಪ್ಲೇಸಿಯಾ. ಬೀಡಿ ಸೇದುವವರ ಶ್ವಾಸನಾಳದಲ್ಲಿ ಕಫ ತಳ್ಳುವ ರೋಮವಿರುವ ಕೋಶಗಳು ಹೋಗಿ ಚಪ್ಪಟೆ ಕೋಶಗಳು ಬರುತ್ತವೆ. ಇವು ಯಾವುವೂ ಕ್ಯಾನ್ಸರ್ ಅಲ್ಲ, ಆದರೂ ಕಾರಣ ಮುಂದುವರಿದರೆ ಕೆಲವು ಆ ದಾರಿ ಹಿಡಿಯಬಹುದು.

ಡಿಸ್‌ಪ್ಲೇಸಿಯಾದ ಹತ್ತಿರ ಸ್ವಲ್ಪ ನಿಲ್ಲಬೇಕು. ಅಡಿಕೆ, ಗುಟ್ಕಾ, ಹೊಗೆಸೊಪ್ಪು ಜಗಿಯುವವರ ಕೆನ್ನೆಯ ಒಳಭಾಗದ ಬಿಳಿ ಮಚ್ಚೆಯನ್ನು ಕತ್ತರಿಸಿ ಕಳುಹಿಸಿದಾಗ ಈ ಪದ ಕಾಣಿಸಿಕೊಳ್ಳುವುದುಂಟು. ಆರೋಗ್ಯವಾದ ಪದರದಲ್ಲಿ ತಳದ ಕೋಶಗಳು ಸಾಲಾಗಿ ನಿಂತಿರುತ್ತವೆ, ಮೇಲೆ ಹೋದಂತೆ ಚಪ್ಪಟೆಯಾಗುತ್ತವೆ. ಡಿಸ್‌ಪ್ಲೇಸಿಯಾದಲ್ಲಿ ಆ ಸಾಲು ಕೆಡುತ್ತದೆ. ಕೇಂದ್ರಗಳು ದೊಡ್ಡದಾಗಿ, ಕಡುಬಣ್ಣಕ್ಕೆ ತಿರುಗಿ, ಒಂದರಂತೆ ಒಂದಿರುವುದಿಲ್ಲ. ಕೆಡುಕು ಪದರದ ಕೆಳಗಿನ ಮೂರನೆಯ ಒಂದು ಭಾಗದಲ್ಲೇ ಇದ್ದರೆ ‘ಮೈಲ್ಡ್’, ನಡುಭಾಗಕ್ಕೆ ಏರಿದ್ದರೆ ‘ಮಾಡರೇಟ್’, ಅದನ್ನೂ ದಾಟಿದ್ದರೆ ‘ಸಿವಿಯರ್’ ಎಂದು ಸ್ಥೂಲವಾಗಿ ಹೇಳುತ್ತಾರೆ. ಕೋಶಗಳು ತಳಪೊರೆಯನ್ನು ಸೀಳಿ ಕೆಳಗಿಳಿದಾಗ ಮಾತ್ರ ಅದು ಹರಡುವ ಕ್ಯಾನ್ಸರ್. ಆದ್ದರಿಂದ ವರದಿಯಲ್ಲಿ ‘ಇನ್ವೇಶನ್’ ಎಂಬ ಪದವನ್ನೂ, ಅದರ ಜೊತೆ ‘ನೋ’ ಇದೆಯೇ ಎಂಬುದನ್ನೂ ಮೊದಲು ಹುಡುಕಿ.

ಅದೇ ಹಾಳೆಯಲ್ಲಿ ‘ಸಬ್‌ಮ್ಯೂಕಸ್ ಫೈಬ್ರೋಸಿಸ್’ ಎಂದಿದ್ದರೆ ಕೆನ್ನೆಯ ಅಡಿಯಲ್ಲಿ ನಾರು ಕಟ್ಟಿ ಬಿಗಿಯುತ್ತಿದೆ ಎಂದರ್ಥ. ಮೂರು ಬೆರಳು ಒಟ್ಟಿಗೆ ಬಾಯಲ್ಲಿ ನಿಲ್ಲದಂತಾಗುವುದು ಅದರ ಗುರುತುಗಳಲ್ಲೊಂದು. ಅಡಿಕೆ ನಮ್ಮ ಮಲೆನಾಡಿನ ಬದುಕೇ ಆಗಿದ್ದರೂ ಹೇಳಲೇಬೇಕು: ಹೊಗೆಸೊಪ್ಪು ಬೆರೆಸದ ಅಡಿಕೆಯನ್ನೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಮನುಷ್ಯರಿಗೆ ಕ್ಯಾನ್ಸರ್‌ಕಾರಕವೆಂದು ವರ್ಗೀಕರಿಸಿದೆ. ಇಂಥ ವರದಿ ಬಂದವರು ಜಗಿಯುವುದನ್ನು ಆ ದಿನವೇ ಬಿಟ್ಟು, ಮತ್ತೆ ಯಾವಾಗ ತೋರಿಸಬೇಕೆಂದು ವೈದ್ಯರಿಂದ ದಿನಾಂಕ ಬರೆಸಿಕೊಳ್ಳಬೇಕು.

ಎರಡನೆಯ ಅಭಿಪ್ರಾಯಕ್ಕೆ ಬೆಂಗಳೂರಿಗೋ ಮಣಿಪಾಲಕ್ಕೋ ಹೋಗುವವರು ವರದಿಯ ಹಾಳೆಯನ್ನಷ್ಟೇ ಒಯ್ದರೆ ಸಾಲದು. ಅಂಗಾಂಶವನ್ನು ಹುದುಗಿಸಿದ ಮೇಣದ ಬ್ಲಾಕ್ ಮತ್ತು ಸ್ಲೈಡುಗಳು ಪ್ರಯೋಗಾಲಯದಲ್ಲೇ ಇರುತ್ತವೆ. ವರದಿಯ ಮೇಲ್ಭಾಗದಲ್ಲಿರುವ ಬಯಾಪ್ಸಿ ಸಂಖ್ಯೆ ತೋರಿಸಿ, ಅರ್ಜಿ ಬರೆದುಕೊಟ್ಟು, ಅವನ್ನು ಕೇಳಿ ಪಡೆಯಿರಿ. ಸ್ಲೈಡುಗಳನ್ನು ಒಡೆಯದಂತೆ ಡಬ್ಬಿಯಲ್ಲಿಡಿ. ಬ್ಲಾಕನ್ನು ಬಿಸಿಲಿಗೆ ನಿಂತ ಕಾರಿನಲ್ಲಿ ಬಿಡಬೇಡಿ, ಮೇಣ ಕರಗಬಹುದು.