ಪ್ರೀಕಾಸ್ಟ್ ಕೆಲಸಕ್ಕೆ ಬ್ಲಾಕ್‌ಚೈನ್: ನಮ್ಮಲ್ಲಿ ನಡೆದದ್ದು ಹೀಗೆ

ಕಾರ್ಖಾನೆಯಲ್ಲೇ ಎರಕ ಹೊಯ್ದು ಸೈಟಿಗೆ ತಂದು ಕೂರಿಸುವ ಕಾಂಕ್ರೀಟ್ ಪ್ಯಾನೆಲ್‌ಗಳ (ಪ್ರೀಕಾಸ್ಟ್) ಲೆಕ್ಕವನ್ನು ಬ್ಲಾಕ್‌ಚೈನ್‌ನಲ್ಲಿ, ಅಂದರೆ ಎಲ್ಲರೂ ಹಂಚಿಕೊಳ್ಳುವ, ಒಬ್ಬರೇ ಗುಟ್ಟಾಗಿ ತಿದ್ದಲಾಗದ ದಾಖಲೆಯಲ್ಲಿ ಇಡಲು ಹೊರಟಾಗ "ಎಕ್ಸೆಲ್ ಶೀಟ್ ಸಾಕು, ಇದೆಲ್ಲ ಯಾಕೆ?" ಅಂತ ಕೇಳದವರೇ ಇರಲಿಲ್ಲ. ಆದರೆ ಜಗಳ ಇದ್ದದ್ದೇ ಯಾರ ಶೀಟ್ ಸರಿ ಅನ್ನುವುದರಲ್ಲಿ. ಕಾರ್ಖಾನೆಯದು ಒಂದು, ಟ್ರೇಲರ್‌ನವರದು ಒಂದು, ಸೈಟಿನದು ಇನ್ನೊಂದು. ಪ್ಯಾನೆಲ್‌ನ ಮೂಲೆ ಒಡೆದು ಬಂದರೆ ಮೂವರೂ ಬೇರೆ ಬೇರೆ ದಾಖಲೆ ತೋರಿಸುತ್ತಿದ್ದರು. ಬಿಲ್ ನಿಲ್ಲುತ್ತಿತ್ತು, ಕ್ರೇನ್ ಬಾಡಿಗೆ ಮಾತ್ರ ಏರುತ್ತಲೇ ಇತ್ತು.

ಮೊದಲು ಎಥೀರಿಯಂ ಎಂಬ ಸಾರ್ವಜನಿಕ ಬ್ಲಾಕ್‌ಚೈನ್ ಮೇಲೆ ಕಟ್ಟಿದೆವು. ಪ್ರತಿ ಎಂಟ್ರಿಗೂ ಕಟ್ಟಬೇಕಾದ ಗ್ಯಾಸ್ ಶುಲ್ಕ ದಿನಕ್ಕೊಂದು ತರ, ಬಜೆಟ್ ಹಾಕುವುದು ಹೇಗೆ? ತಮ್ಮ ದರ ಬೇರೆಯವರ ಕಣ್ಣಿಗೆ ಬೀಳುತ್ತದೆ ಎಂದು ಕಾರ್ಖಾನೆಯವರೂ ಒಪ್ಪಲಿಲ್ಲ. ಅನುಮತಿ ಇದ್ದವರಿಗಷ್ಟೇ ತೆರೆಯುವ ಹೈಪರ್‌ಲೆಡ್ಜರ್ ಫ್ಯಾಬ್ರಿಕ್ ಬ್ಲಾಕ್‌ಚೈನ್‌ಗೆ ಬಂದು ದರವನ್ನು ಪ್ರೈವೇಟ್ ಡೇಟಾದಲ್ಲಿ (ಆಯ್ದವರಿಗೆ ಮಾತ್ರ ಕಾಣುವ ಭಾಗ) ಇಟ್ಟ ಮೇಲೆ ಆ ತಕರಾರು ಮುಗಿಯಿತು. ಅಲ್ಲೂ ಲೋಡಿಂಗ್ ಜೋರಾಗಿರುವ ಹೊತ್ತಿಗೆ ಎಂಟ್ರಿಗಳು ರಿಜೆಕ್ಟ್ ಆಗುತ್ತಿದ್ದವು. ಒಟ್ಟು ಸ್ಟಾಕ್ ಒಂದೇ ಕೀಯಲ್ಲಿ (ದಾಖಲೆಯ ಒಂದೇ ಹೆಸರಿನಡಿ) ಇದ್ದರೆ ಎಂವಿಸಿಸಿ ಕಾನ್‌ಫ್ಲಿಕ್ಟ್, ಅಂದರೆ ಒಂದೇ ದಾಖಲೆಯನ್ನು ಇಬ್ಬರು ಒಟ್ಟಿಗೆ ಬದಲಿಸುವ ತಿಕ್ಕಾಟ, ಬಂದೇ ಬರುತ್ತದೆ, ಅಲ್ವಾ? ಒಂದೊಂದು ಪ್ಯಾನೆಲ್‌ಗೂ ಅದರದೇ ಕೀ ಕೊಟ್ಟೆವು, ಸರಿಹೋಯಿತು.

ಎಲ್ಲವನ್ನೂ ಚೈನ್‌ಗೆ ತುಂಬುವ ಆಸೆ ಬಿಟ್ಟಮೇಲೆಯೇ ಕೆಲಸ ಹಿಡಿತಕ್ಕೆ ಬಂತು. ಪ್ಯಾನೆಲ್ ಕೈ ಬದಲಾಗುವ ಜಾಗಗಳನ್ನು ಮಾತ್ರ ದಾಖಲಿಸುತ್ತೇವೆ: ಮೋಲ್ಡಿನಿಂದ ಯಾರ್ಡಿಗೆ, ಯಾರ್ಡಿನಿಂದ ಟ್ರೇಲರಿಗೆ, ಅಲ್ಲಿಂದ ಸೈಟಿಗೆ. ಕೊಡುವವರು, ತೆಗೆದುಕೊಳ್ಳುವವರು ಇಬ್ಬರೂ ಸಹಿ ಹಾಕಬೇಕು. ನಾಲ್ಕು ಮೂಲೆ ಮತ್ತು ಎತ್ತುವ ಹುಕ್‌ಗಳ ಫೋಟೋ ಬರುವವರೆಗೆ ಆ್ಯಪ್ ಸಹಿಯ ಪುಟವನ್ನೇ ತೆರೆಯುವುದಿಲ್ಲ. ಫೋಟೋ, ಕ್ಯೂಬ್ ಟೆಸ್ಟ್ (ಕಾಂಕ್ರೀಟ್‌ನ ಗಟ್ಟಿತನದ ಪರೀಕ್ಷೆ) ವರದಿ ಎಲ್ಲ ಹೊರಗಿನ ಸರ್ವರ್‌ನಲ್ಲಿ. ಚೈನ್‌ನಲ್ಲಿ ಅವುಗಳ ಎಸ್‌ಎಚ್‌ಎ-256 ಹ್ಯಾಶ್ (ಫೈಲ್ ಬದಲಾದರೆ ತಾನೂ ಬದಲಾಗುವ ಬೆರಳಚ್ಚಿನಂಥ ಸಂಕೇತ) ಅಷ್ಟೇ.

ಪ್ಯಾನೆಲ್ ಗುರುತಿಸಲು ನಡುವೆ ಆರ್‌ಎಫ್‌ಐಡಿ ಟ್ಯಾಗ್‌ಗಳನ್ನು (ರೇಡಿಯೋ ಅಲೆಯಿಂದ ಓದುವ ಗುರುತಿನ ಚಿಪ್) ಕಾಂಕ್ರೀಟ್ ಒಳಗೇ ಹುದುಗಿಸಿ ನೋಡಿದೆವು. ಹಸಿ ಕಾಂಕ್ರೀಟ್ ಸಿಗ್ನಲ್ ನುಂಗುತ್ತದೆ, ಪಕ್ಕದಲ್ಲಿ ಸರಳು ಇದ್ದರೆ ಇನ್ನೂ ಕಷ್ಟ. ಸುಮ್ನೆ ದುಡ್ಡು ಹೋಯಿತು. ಕಾಗದದ ಕ್ಯೂಆರ್ ಸ್ಟಿಕ್ಕರ್ ಯಾರ್ಡಿನಲ್ಲೇ ಉಜ್ಜಿಹೋಗುತ್ತಿತ್ತು. ಈಗ ಲೋಹದ ತಗಡಿನಲ್ಲಿ ಕೊರೆದ ಕ್ಯೂಆರ್. ಅದನ್ನು ಪ್ಯಾನೆಲ್‌ನ ಯಾವ ಜಾಗಕ್ಕೆ ಹಾಕುತ್ತೇವೆ, ನೆಟ್‌ವರ್ಕ್ ಇಲ್ಲದ ಕಡೆ ಚಾಲಕರ ಸಹಿ ಹೇಗೆ ತೆಗೆದುಕೊಳ್ಳುತ್ತೇವೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಬಹಳ ಕಷ್ಟಪಟ್ಟು ಕಂಡುಕೊಂಡದ್ದು.

ಖರ್ಚು ಅಂದಾಜಿನ ಒಂದೂವರೆ ಪಟ್ಟು ಆಯಿತು. ಸರ್ವರ್‌ಗಿಂತ ಫೋನ್‌ಗಳಿಗೆ, ಜನರಿಗೆ ಕಲಿಸುವುದಕ್ಕೇ ಜಾಸ್ತಿ ಹೋಯಿತು. ಸ್ಮಾರ್ಟ್ ಕಾಂಟ್ರಾಕ್ಟ್ (ಚೈನ್‌ನಲ್ಲಿ ತಾನೇ ಓಡುವ ಪ್ರೋಗ್ರಾಂ) ಹಣ ಕಳಿಸುವುದಿಲ್ಲ, ಸೈಟಿನ ಸಹಿ ಬಿದ್ದೊಡನೆ ಬಿಲ್‌ಗೆ ಒಪ್ಪಿಗೆ ಕೊಡುತ್ತದೆ. ಅಷ್ಟಕ್ಕೇ, ಒಂದೂವರೆ ತಿಂಗಳು ಎಳೆಯುತ್ತಿದ್ದ ಬಿಲ್ ಈಗ ಹತ್ತು ಹನ್ನೆರಡು ದಿನದಲ್ಲಿ ಪಾಸಾಗುತ್ತಿದೆ. ಶೀಟ್ ಸಾಕು ಎಂದಿದ್ದ ಟ್ರೇಲರ್‌ನವರೇ ಈಗ ಸಹಿ ಇಲ್ಲದೆ ಗಾಡಿ ತೆಗೆಯುವುದಿಲ್ಲ.

ಈಗ ಸೈಟಿನಲ್ಲಿ ಪ್ಯಾನೆಲ್ ಕೂರಿಸಿದ ಎಂಟ್ರಿ ಬಿದ್ದರೆ ಯಾರ್ಡಿನ ಮುಂದಿನ ಲೋಡ್ ಪಟ್ಟಿ ತಾನೇ ಬದಲಾಗುತ್ತದೆ. ಎರಕದ ಸರದಿಯನ್ನೂ ಅದಕ್ಕೇ ಜೋಡಿಸುವ ಕೆಲಸ ನಡೆಯುತ್ತಿದೆ.