ಕುದುರೆ ಬೋಧಕನ ಪಾತ್ರ ಮಾಡುವವರಿಗೆ

ಮೊದಲು ಆ ಬಿಳಿ ನಿಲುವಂಗಿ ತೆಗೆದಿಡಿ. ನಮ್ಮ ಬಳ್ಳಾರಿಯ ಕ್ರಿಸ್‌ಮಸ್ ನಾಟಕಗಳಲ್ಲಿ ಯಾವ ಬೋಧಕ ಬಂದರೂ ಅದನ್ನೇ ತೊಡಿಸುತ್ತೇವೆ. ಇನ್ನೂರು ವರ್ಷದ ಹಿಂದೆ ಅಮೆರಿಕದ ಕಾಡುದಾರಿಯಲ್ಲಿ ಕುದುರೆಯೇರಿ ಊರೂರು ಸುತ್ತಿದ ಮೆಥಡಿಸ್ಟ್ (ಒಂದು ಪ್ರಾಟೆಸ್ಟಂಟ್ ಕ್ರೈಸ್ತ ಪಂಥ) ಬೋಧಕನಿಗೆ ಸಾದಾ ಕಪ್ಪು ಕೋಟು, ಅಗಲ ಅಂಚಿನ ಟೋಪಿ ಸಾಕು. ಬೂಟಿಗೆ ಕೆಸರು ಮೆತ್ತಿ. ಜಡಿಮಳೆಯ ದಿನ ಅಲ್ಲಿನವರು ಹೇಳುತ್ತಿದ್ದರಂತೆ: ಹೊರಗೆ ಕಾಗೆ, ಮೆಥಡಿಸ್ಟ್ ಬೋಧಕ ಬಿಟ್ಟರೆ ಯಾರೂ ಇಲ್ಲ.

ಪಾತ್ರ ನಿಲ್ಲುವುದು ಚೀಲದ ಮೇಲೆ. ಕುದುರೆ ಜೀನಿನ ಎರಡೂ ಕಡೆ ಜೋತುಬೀಳುವ ಜೋಡಿ ಚೀಲವೇ ಅವನ ಮನೆ. ನಮ್ಮೂರಲ್ಲಿ ಜೀನ್ಸ್ ಹೊಲಿಯುವವರಿಗೆ ಬರವೇ? ತುಂಡುಬಟ್ಟೆ ತಂದು, ಒಳಮೈ ಹೊರಗೆ ಮಾಡಿ ಹೊಲಿಸಿ, ಚಹಾದ ಡಿಕಾಕ್ಷನ್‌ನಲ್ಲಿ ಒಂದು ರಾತ್ರಿ ನೆನೆಹಾಕಿ. ಮೊದಲ ವರ್ಷ ನಾನು ಅದರಲ್ಲಿ ಹಳೇ ಪೇಪರ್ ತುರುಕಿದ್ದೆ. ಹೆಗಲ ಮೇಲೆ ಗಾಳಿಪಟದಂತೆ ಹಾರಾಡಿತು, ಜನ ನಕ್ಕರು. ಈಗ ಒಂದೊಂದು ಬದಿಗೆ ಎರಡೂವರೆ ಕೆಜಿ ಜೋಳ ತುಂಬುತ್ತೇನೆ. ಭುಜ ತಾನಾಗಿಯೇ ಜಗ್ಗುತ್ತದೆ, ದಣಿವನ್ನು ನಟಿಸಬೇಕಿಲ್ಲ. ಮೇಲ್ಗಡೆ ಬೈಬಲ್, ಹಾಡಿನ ಪುಸ್ತಕ, ಸಭೆಯ ನಿಯಮಾವಳಿ ಇಡಿ.

ಕುದುರೆ ಬೇಡ. ಪರದೆ ಹಿಂದೆ ಎರಡು ತೆಂಗಿನ ಚಿಪ್ಪು ಬಡಿದರಾಯಿತು.

ಮಾತಿನಲ್ಲಿ ಸಂಬಳದಿಂದ ಶುರುಮಾಡಿ: 1800ರಿಂದ ವರ್ಷಕ್ಕೆ 80 ಡಾಲರ್, 1816ರಲ್ಲಿ 100ಕ್ಕೇರಿತು, ಅದೂ ಪೂರ್ತಿ ಕೈಗೆ ಬಂದರೆ. ವರ್ಷ ಎರಡು ವರ್ಷಕ್ಕೊಮ್ಮೆ ವರ್ಗಾವಣೆ. ಇದಕ್ಕೆ ಮುಂದಿನ ಸಾಲಿನ ಸರ್ಕಾರಿ ನೌಕರರು ತಲೆದೂಗುತ್ತಾರೆ. ಬಿಷಪ್ ಫ್ರಾನ್ಸಿಸ್ ಆಸ್ಬರಿ ಜೀವಮಾನದಲ್ಲಿ ಸುಮಾರು 2,70,000 ಮೈಲಿ ಓಡಾಡಿದರು ಎನ್ನುತ್ತಾರೆ. ಈ ಅಂಕಿ ಸಭಿಕರ ತಲೆಗೆ ಇಳಿಯುವುದಿಲ್ಲ. ಬಳ್ಳಾರಿಯಿಂದ ಸಿರುಗುಪ್ಪ ಒಂದು ದಿನದ ಸವಾರಿ ಅನ್ನಿ, ಹಾಗೇ ತಿಂಗಳಿಡೀ ಸುತ್ತಿ ಮತ್ತೆ ಮೊದಲ ಹಳ್ಳಿಗೆ ಬರಬೇಕು ಅನ್ನಿ. ಆಗ ಹಿಂದಿನ ಬೆಂಚಿನಿಂದ "ಅಯ್ಯೋ ಪಾಪ" ಕೇಳುತ್ತದೆ. ಪೀಟರ್ ಕಾರ್ಟ್‌ರೈಟ್ ಎಂಬ ಬೋಧಕ 1846ರಲ್ಲಿ ಲಿಂಕನ್ ಎದುರು ಚುನಾವಣೆಗೆ ನಿಂತು ಸೋತದ್ದನ್ನು ನಗುವಿಗೆ ಇಟ್ಟುಕೊಳ್ಳಿ.

ಯಾರಾದರೂ ಒಬ್ಬರು "ಇವರು ನಮ್ಮ ಹ್ಯಾಂಡ್ಸ್ ಸಾಹೇಬರಲ್ಲೇನ್ರೀ?" ಅಂತ ಕೇಳಿಯೇ ಕೇಳುತ್ತಾರೆ. ಅಲ್ಲ. ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದವರು, ಲಂಡನ್ ಮಿಷನ್ನಿನವರು. ಅವರು ಇಲ್ಲಿ ವರ್ಷಗಟ್ಟಲೆ ಕೂತು ಬೈಬಲ್ಲನ್ನು ಕನ್ನಡಕ್ಕೆ ತಂದರು, ನಮ್ಮ ಪಾತ್ರದವನಿಗೆ ಕೂರುವ ಯೋಗವೇ ಇರಲಿಲ್ಲ.

ಕೊನೆಗೆ ಚಪ್ಪಾಳೆಗೆ ಕಾಯದೆ ಚೀಲ ಹೆಗಲಿಗೇರಿಸಿ ಹೊರಟುಬಿಡಿ. ಜೋಳ ಅವತ್ತೇ ಮನೆಗೊಯ್ಯಿರಿ. ಒಮ್ಮೆ ವೇದಿಕೆ ಹಿಂದೆ ಬಿಟ್ಟುಬಂದಿದ್ದೆ, ಇಲಿಗಳು ಚೀಲದ ತಳವನ್ನೇ ಕಡಿದುಹಾಕಿದ್ದವು.